ಬರಗಾಲದ ಕಾಮಗಾರಿಯಿಂದ ಉದ್ಯೋಗ ಖಾತ್ರಿಯವರೆಗೆ

1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಹೊತ್ತಿಗೆ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಡುವೆ ಬಂದುಹೋದದ್ದು ಧಾತು-ಈಶ್ವರ ಸಂವತ್ಸರಗಳ ಬರ. ಬೆಂಗಳೂರು–ಮೈಸೂರು ರೈಲು ಹಾದಿಯ ಮಣ್ಣುಕೆಲಸ ಶುರುವಾದದ್ದು ಆ ಕಾಲದ ಬರ ಪರಿಹಾರ ಕಾಮಗಾರಿಯಾಗಿಯೇ. ಹಸಿದವರಿಗೆ ಕೆಲಸ ಕೊಟ್ಟು ಕೂಲಿಯಿಂದ ಬದುಕಿಸುವ ಪದ್ಧತಿ ಹೀಗೆ ಹಳೆಯದು. ಅದರ ಜೊತೆಗೇ ಬಂದ ಅನುಮಾನವೂ ಅಷ್ಟೇ ಹಳೆಯದು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಬ್ರಿಟಿಷ್ ಅಧಿಕಾರಿ, ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆ ಸಾಕೆಂದು ನಿಗದಿ ಮಾಡಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಮುಂಬೈ ಪ್ರಾಂತ್ಯದ ಕೂಲಿಕಾರರು ಇದನ್ನು ಒಪ್ಪದೆ ಕಾಮಗಾರಿ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭಾ ಅವರ ಬೆನ್ನಿಗೆ ನಿಂತಿತು. ಕೂಲಿ ಕಡಿಮೆಯಿದ್ದು, ದುಡಿತ ಕಠಿಣವಾಗಿ, ಜಾಗ ದೂರವಿದ್ದರೆ ನಿಜವಾಗಿ ಗತಿಯಿಲ್ಲದವರು ಮಾತ್ರ ಬರುತ್ತಾರೆ ಎಂಬುದು ಆ ಆಡಳಿತದ ಲೆಕ್ಕಾಚಾರ. 1880ರ ಕ್ಷಾಮ ಆಯೋಗದ ನಂತರ ಬಂದ ಕ್ಷಾಮ ಸಂಹಿತೆಗಳು ಪರಿಹಾರಕ್ಕೊಂದು ವ್ಯವಸ್ಥೆ ಕಟ್ಟಿದವು ನಿಜ, ಆದರೆ ದುಡಿಸಿ ಪರೀಕ್ಷಿಸುವ ಈ ಸೂತ್ರವನ್ನು ಅವು ಕೈಬಿಡಲಿಲ್ಲ. ಆಮೇಲೆ ಬಂದ ಉದ್ಯೋಗ ಖಾತ್ರಿ ಕಾನೂನುಗಳ ಶಕ್ತಿಯೆಲ್ಲ ಈ ಸೂತ್ರವನ್ನು ತಿರುಗಿಸಿ ಹಾಕಿದ್ದರಲ್ಲಿದೆ. ಅವುಗಳ ದೋಷಗಳಲ್ಲಿ ಹೆಚ್ಚಿನವು ಕಾನೂನು ಬದಲಾದರೂ ಕಚೇರಿಯ ಮನೋಭಾವ ಬದಲಾಗದೆ ಉಳಿದದ್ದರಿಂದ ಬಂದವು.

ಮೊದಲ ತಿರುವು ಮಹಾರಾಷ್ಟ್ರದ್ದು. ಅಲ್ಲಿನ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ. ಎಸ್. ಪಾಗೆ 1960ರ ದಶಕದಲ್ಲೇ ಸಾಂಗ್ಲಿ ಜಿಲ್ಲೆಯ ತಾಸಗಾಂವ್ ತಾಲ್ಲೂಕಿನಲ್ಲಿ ಇಂಥದೊಂದು ಪ್ರಯೋಗಕ್ಕೆ ಕಾರಣರಾಗಿದ್ದರು. 1972–73ರ ಭೀಕರ ಬರದಲ್ಲಿ, ಬೇಸಿಗೆಯ ಹೊತ್ತಿಗೆ, ರಾಜ್ಯದ ಪರಿಹಾರ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ಆ ಅನುಭವದಿಂದ ಗಟ್ಟಿಯಾದ ಯೋಜನೆ 1977ರಲ್ಲಿ ಕಾಯ್ದೆಯಾಗಿ, 1979ರ ಜನವರಿ 26ರಂದು ಜಾರಿಗೆ ಬಂತು. ಬರ ಬರಲಿ ಬಿಡಲಿ, ಕೆಲಸ ಕೇಳಿದವರಿಗೆ ಕೆಲಸ ಕೊಡುವುದು ಸರ್ಕಾರದ ಹೊಣೆಯಾಯಿತು. ಇದಕ್ಕೆ ಹಣ ಹೊಂದಿಸಿದ್ದು ವೃತ್ತಿ ತೆರಿಗೆಯಿಂದ. ಮುಂಬೈಯ ಸಂಬಳದಾರರ ದುಡ್ಡು ಮರಾಠವಾಡದ ಕೂಲಿಗೆ ಹೋಯಿತು. ಇಷ್ಟಾದರೂ ಕೆಲಸ ಸಿಗದವರಿಗೆ ಕೊಡಬೇಕಿದ್ದ ಭತ್ಯೆ ದಿನಕ್ಕೆ ಬರೀ ಒಂದು ರೂಪಾಯಿ, ಅದೂ ಕೈಗೆ ಬಂದದ್ದು ವಿರಳ. 1988ರಲ್ಲಿ ಕೂಲಿಯನ್ನು ಕನಿಷ್ಠ ವೇತನಕ್ಕೆ ಸರಿಗಟ್ಟಿಸಿ ಏರಿಸಿದಾಗ ಸೃಷ್ಟಿಯಾದ ಉದ್ಯೋಗ ಒಮ್ಮೆಲೇ ಕುಸಿಯಿತು. ಕೂಲಿ ಹೆಚ್ಚಿದರೆ ಬರುವವರೂ ಹೆಚ್ಚಬೇಕಲ್ಲವೇ? ಕಾಮಗಾರಿಗಳನ್ನೇ ತೆರೆಯದೆ ಬೇಡಿಕೆಯನ್ನು ಬಾಗಿಲಲ್ಲೇ ತಡೆಯಲಾಯಿತು. ಕಾಯ್ದೆಯನ್ನು ರದ್ದು ಮಾಡದೆಯೇ ಖಾತ್ರಿಯನ್ನು ಸೊರಗಿಸಬಹುದೆಂದು ದೇಶ ಕಂಡುಕೊಂಡದ್ದು ಅಲ್ಲಿ.

2005ರ ರಾಷ್ಟ್ರೀಯ ಕಾಯ್ದೆ ಈ ಪಾಠವನ್ನು ಅರ್ಧ ಕಲಿತಿತ್ತು. 2006ರ ಫೆಬ್ರವರಿ 2ರಂದು 200 ಜಿಲ್ಲೆಗಳಲ್ಲಿ ಅದು ಆರಂಭವಾಯಿತು. ನಮ್ಮಲ್ಲಿ ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ ಮೊದಲ ಪಟ್ಟಿಯಲ್ಲಿದ್ದವು. ವರ್ಷಕ್ಕೆ 100 ದಿನ ಕೆಲಸ, ಗುತ್ತಿಗೆದಾರರಿಗೆ ನಿಷೇಧ, ಗಂಡಾಳು ಹೆಣ್ಣಾಳಿಗೆ ಒಂದೇ ಕೂಲಿ, ಗ್ರಾಮಸಭೆಯಿಂದ ಸಾಮಾಜಿಕ ಲೆಕ್ಕ ಪರಿಶೋಧನೆ ಇವೆಲ್ಲ ಕಾಯ್ದೆಯಲ್ಲೇ ಬರೆದಿದ್ದವು. ಮಹಿಳೆಯರಿಗೆ ಮೂರನೇ ಒಂದು ಪಾಲು ಸಿಗಲಿ ಎಂದಿದ್ದಲ್ಲಿ ಅವರ ಪಾಲು ಅರ್ಧ ದಾಟಿತು. 2020–21ರಲ್ಲಿ ಕೊರೊನಾ ಲಾಕ್‌ಡೌನಿನಿಂದ ಊರಿಗೆ ಮರಳಿದವರ ನಡುವೆ ಏಳು ಕೋಟಿಗೂ ಹೆಚ್ಚು ಕುಟುಂಬಗಳು ಖಾತ್ರಿ ಕೆಲಸ ಮಾಡಿದವು. ಈ ಯೋಜನೆ ಇಲ್ಲದಿದ್ದರೆ ಆ ವರ್ಷ ಹಳ್ಳಿಗಳ ಗತಿ ಏನಾಗುತ್ತಿತ್ತೆಂದು ಯೋಚಿಸಲೂ ಭಯವಾಗುತ್ತದೆ.

ಆದರೆ ಹಕ್ಕು ಎಲ್ಲಿ ಸೋರಿತೆಂದು ನೋಡಿ. ಸಾಮಾನ್ಯ ವರ್ಷಗಳಲ್ಲಿ ಒಂದು ಕುಟುಂಬಕ್ಕೆ ಸರಾಸರಿ ಸಿಕ್ಕದ್ದು ನೂರರ ಅರ್ಧದಷ್ಟು ದಿನ. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಅದನ್ನು ಕೇಳಲು ದಿನಾಂಕ ನಮೂದಿಸಿದ ರಸೀದಿ ಬೇಕು. ಪಂಚಾಯಿತಿಯಲ್ಲಿ ಸಾಮಾನ್ಯವಾಗಿ ಸಿಗದೇ ಹೋಗುವುದು ಆ ರಸೀದಿಯೇ. ಕೂಲಿ ತಡವಾದರೆ 16ನೇ ದಿನದಿಂದ ಬಾಕಿಯ ಮೇಲೆ ದಿನಕ್ಕೆ ಶೇ 0.05ರಷ್ಟು ಪರಿಹಾರವೆಂದು ನಿಯಮವಿದೆ. 2025–26ರಲ್ಲಿ ಕರ್ನಾಟಕದಲ್ಲಿದ್ದ 370 ರೂಪಾಯಿ ಕೂಲಿಗೆ ಅದು ದಿನಕ್ಕೆ ಹದಿನೆಂಟೂವರೆ ಪೈಸೆ! ಅದರಲ್ಲೂ ಕೇಂದ್ರದಿಂದ ಖಾತೆಗೆ ಹಣ ಬರುವ ಹಂತದ ವಿಳಂಬವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಸರ್ಕಾರದ ವಿಳಂಬಕ್ಕೆ ಇಷ್ಟು ರಿಯಾಯಿತಿ, ಕೂಲಿಕಾರರಿಗೆ ಮಾತ್ರ ಮೊಬೈಲ್ ಆ್ಯಪಿನಲ್ಲಿ ದಿನಕ್ಕೆ ಎರಡು ಸಲ ಫೋಟೊ ಹಾಜರಾತಿ. ಬೆಳಿಗ್ಗೆ ಬೇಗ ಬಂದು, ಬಿಸಿಲೇರುವ ಮೊದಲೇ ಅಳತೆಯ ಗುಂಡಿ ತೋಡಿ ಮುಗಿಸಿದ ಹೆಂಗಸು ಎರಡನೇ ಫೋಟೊಗಾಗಿ ಅಲ್ಲೇ ಕಾಯಬೇಕು. ಮೊಬೈಲಿಗೆ ಸಿಗ್ನಲ್ ಸಿಗದಿದ್ದರೆ ಆ ದಿನದ ಕೂಲಿಗೇ ಸಂಚಕಾರ. ಟೆಂಪಲ್‌ನ ಕಾಲದ ಅನುಮಾನ ಇಲ್ಲಿ ಆ್ಯಪ್ ಆಗಿ ಬಂದಿದೆ.

ಕಳ್ಳತನ ನಡೆದೇ ಇದೆ, ನಿಗಾ ಬೇಡವೇ ಎಂದು ಕೇಳುವವರ ಮಾತಿನಲ್ಲಿ ಸತ್ಯವಿದೆ. ಸುಳ್ಳು ಜಾಬ್ ಕಾರ್ಡ್‌ಗಳು, ರಾತ್ರಿ ಜೆಸಿಬಿಯಲ್ಲಿ ತೋಡಿಸಿ ಹಗಲು ಹಾಜರಿ ತುಂಬಿದ ಕೆರೆಗಳು ಹಲವು ಕಡೆ ಬಯಲಾಗಿವೆ. ಆದರೆ ಹಾಜರಿ ಪುಸ್ತಕ, ಅಳತೆ ಪುಸ್ತಕ, ಸಾಮಗ್ರಿ ಬಿಲ್ಲು ಯಾವುದೂ ಗುದ್ದಲಿ ಹಿಡಿದವರ ಕೈಯಲ್ಲಿಲ್ಲ. ತಂತ್ರಜ್ಞಾನವೇ ಶತ್ರು ಎಂದೂ ಹೇಳಲಾಗದು. ಆಂಧ್ರದಲ್ಲಿ ಸ್ಮಾರ್ಟ್‌ಕಾರ್ಡ್ ಮೂಲಕ ಕೂಲಿಯನ್ನು ಊರಿಗೇ ತಲುಪಿಸಿದಾಗ ಸೋರಿಕೆಯೂ ವಿಳಂಬವೂ ತಗ್ಗಿದ್ದನ್ನು ಅರ್ಥಶಾಸ್ತ್ರಜ್ಞರು ದೊಡ್ಡ ಪ್ರಮಾಣದ ಅಧ್ಯಯನದಲ್ಲಿ ದಾಖಲಿಸಿದ್ದಾರೆ. ಅಲ್ಲಿ ಯಂತ್ರ ದುಡಿದದ್ದು ಕೂಲಿಕಾರರಿಗಾಗಿ. ಅದೇ ಅಧ್ಯಯನ ಇನ್ನೊಂದು ಆಕ್ಷೇಪಕ್ಕೂ ಉತ್ತರಿಸುತ್ತದೆ. ಹೊಲಕ್ಕೆ ಆಳು ಸಿಗುತ್ತಿಲ್ಲ ಎಂಬ ರೈತರ ಗೋಳು ಸಣ್ಣದಲ್ಲ, ಬೆಳೆಗೆ ಬೆಲೆಯಿಲ್ಲದವರು ಹೆಚ್ಚು ಕೂಲಿ ಎಲ್ಲಿಂದ ತರಬೇಕು? ಆದರೆ ಬಡವರಿಗೆ ಹೆಚ್ಚಿದ ಆದಾಯದ ಬಹುಪಾಲು ಖಾತ್ರಿಯಿಂದ ಬರದೆ ಹೊರಗಿನ ದುಡಿಮೆಯಿಂದ ಬಂದಿತ್ತು. ಇನ್ನೊಂದು ಕಡೆ ಕೆಲಸವಿದೆ ಎಂಬ ಧೈರ್ಯವೇ ಹೊಲದ ಕೂಲಿಯನ್ನು ಎತ್ತಿತ್ತು. ರೈತನ ಸಂಕಟಕ್ಕೆ ಬೆಳೆಯ ಬೆಲೆಯಲ್ಲಿ ಪರಿಹಾರ ಹುಡುಕಬೇಕು, ಕೂಲಿಯವಳ ಹೊಟ್ಟೆಯಲ್ಲಲ್ಲ.

2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಜಾಗಕ್ಕೆ ಹೊಸದನ್ನು ಅಂಗೀಕರಿಸಿತು. ದಿನಗಳು 125ಕ್ಕೇರಿದವು. ಜೊತೆಗೆ ಹೆಚ್ಚಿನ ರಾಜ್ಯಗಳು ವೆಚ್ಚದ ಶೇ 40 ಭರಿಸಬೇಕು, ಕೇಂದ್ರ ನಿಗದಿ ಮಾಡಿದ ಮೊತ್ತ ಮೀರಿದರೆ ಹೊರೆಯೆಲ್ಲ ರಾಜ್ಯದ್ದೇ, ಬಿತ್ತನೆ–ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಬೇಕು. ಮಹಾರಾಷ್ಟ್ರದ 1988 ನೆನಪಿದ್ದವರಿಗೆ ಇದರ ಫಲ ಊಹಿಸುವುದು ಕಷ್ಟವಲ್ಲ: ಹಣಕ್ಕೆ ಮಿತಿ ಬಿದ್ದ ಮೇಲೆ ಕಾಮಗಾರಿ ತೆರೆಯಲು ಕಚೇರಿಗಳು ಹಿಂಜರಿಯುತ್ತವೆ. ಕೆಲಸಕ್ಕೆ ಬೇಡಿಕೆ ಎಷ್ಟಿದೆಯೋ ಅಷ್ಟು ಹಣ ಬರಬೇಕು, ಕೊಟ್ಟ ಅರ್ಜಿಗೆ ಅಂದೇ ರಸೀದಿ ಸಿಗಬೇಕು. ಇವೆರಡೂ ಇಲ್ಲದ ಕಡೆ 100 ದಿನವಾದರೂ 125 ದಿನವಾದರೂ ಕೂಲಿಕಾರರಿಗೆ ಖಾತ್ರಿಯಿಲ್ಲ.