ಎರಡನೇ ಬಹುಮಾನದ ಕೇಕು

ಮೈದಾ ಮಾರುವ ಪಿಲ್ಸ್‌ಬರಿ ಕಂಪನಿ 1949ರಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿಗೆ ನೂರು ಓವನ್‌ಗಳನ್ನು ತರಿಸಿ ಅಮೆರಿಕದ ಮನೆಯಡುಗೆಯವರನ್ನು ಪೈಪೋಟಿಗೆ ಇಳಿಸಿತು. ಬಂದವರಲ್ಲಿ ಬಹುಪಾಲು ಗೃಹಿಣಿಯರು. ಮೊದಲ ಬಹುಮಾನ 50,000 ಡಾಲರ್! ಜಾತ್ರೆಯ ರಿಬ್ಬನ್ನಿಗೋ ನೆರೆಮನೆಯವರ ಹೊಗಳಿಕೆಗೋ ತೃಪ್ತಿಪಡುತ್ತಿದ್ದ ಕೈರುಚಿಗೆ ಅಷ್ಟು ಬೆಲೆ ಬಂತು.

1966ರ ಸ್ಪರ್ಧೆಯಲ್ಲಿ ಗೆದ್ದದ್ದು ಒಂದು ಬ್ರೆಡ್ಡು. ಅದನ್ನು ಈಗ ಕೇಳುವವರು ಕಡಿಮೆ. ಉಳಿದುಕೊಂಡದ್ದು ಎರಡನೇ ಸ್ಥಾನ ಪಡೆದ, ಟೆಕ್ಸಸ್‌ನ ಎಲ್ಲಾ ಹೆಲ್ಫ್ರಿಚ್ ಅವರ ‘ಟನಲ್ ಆಫ್ ಫಜ್’. ನಡುವೆ ತೂತಿರುವ ಬಂಟ್ ಪಾತ್ರೆಯಲ್ಲಿ ಬೇಯಿಸಿದ ಈ ಕೇಕನ್ನು ಕೊಯ್ದರೆ ಒಳಗೆ ಮೆತ್ತನೆಯ ಚಾಕೊಲೇಟ್ ಸುರಂಗ. ಬೆಂದಿದೆಯೇ ಎಂದು ಕಡ್ಡಿ ಚುಚ್ಚಿ ನೋಡುವಂತಿಲ್ಲ, ಕಡ್ಡಿಗೆ ಹಸಿ ಅಂಟಿಯೇ ಅಂಟುತ್ತದೆ. ಅಳತೆ, ಗಡಿಯಾರ, ಕಣ್ಣಂದಾಜು ಇಷ್ಟನ್ನೇ ನಂಬಬೇಕು. ವಾಲ್‌ನಟ್ ಬಿಟ್ಟರಂತೂ ಕೇಕು ಕೈಕೊಡುತ್ತದೆ. ಛಲ ಹುಟ್ಟಿಸುವುದು ಇಂಥ ತಿನಿಸೇ.

ಪಾತ್ರೆ ಎಲ್ಲಿ ಸಿಗುತ್ತದೆಂದು ವಿಚಾರಿಸಿ ಕಂಪನಿಗೆ ಎರಡು ಲಕ್ಷಕ್ಕೂ ಹೆಚ್ಚು ಪತ್ರಗಳು ಬಂದವು. ಮಿನಿಯಾಪೊಲಿಸ್‌ನ ಯಹೂದಿ ಮಹಿಳೆಯರು ಕೇಳಿಕೊಂಡರೆಂದು ನಾರ್ಡಿಕ್ ವೇರ್ ಕಂಪನಿ 1950ರ ಸುಮಾರಿಗೆ ಎರಕ ಹೊಯ್ದಿದ್ದ ಪಾತ್ರೆ ಅದು. ಅಷ್ಟು ವರ್ಷ ಅಂಗಡಿಗಳಲ್ಲಿ ಮಂದವಾಗಿ ಮಾರಾಟವಾಗುತ್ತಿದ್ದದ್ದು ಈಗ ಮನೆಮನೆಗೂ ಬೇಕಾಯಿತು.

ಆದರೆ ಸುರಂಗದ ಗುಟ್ಟು ಇದ್ದದ್ದು ಪಿಲ್ಸ್‌ಬರಿಯದೇ ಫ್ರಾಸ್ಟಿಂಗ್ ಪುಡಿಯ ಪೊಟ್ಟಣದಲ್ಲಿ. ಮನೆಯೊಡತಿಯ ಕೈಗುಣ ಎಂದು ಮೆರೆಸಿದ್ದರ ಅರ್ಧ ಪಾಲು ಕಾರ್ಖಾನೆಯದು. ಮುಂದೆ ಆ ಪೊಟ್ಟಣದ ತಯಾರಿ ನಿಂತಿತು. ಕೇಕನ್ನು ಬಿಡಲೊಲ್ಲದ ಜನರಿಗಾಗಿ ಕಂಪನಿಯೇ ಕೋಕೋ, ಪುಡಿಸಕ್ಕರೆ ಹಾಕಿ ಮಾಡುವ ಹೊಸ ವಿಧಾನ ಬರೆದುಕೊಟ್ಟಿತು. ವಾಲ್‌ನಟ್ ಬಿಡಬೇಡಿ ಎಂಬ ಎಚ್ಚರಿಕೆ ಅದರಲ್ಲೂ ಇದೆ.