ಇನ್ಸುಲಿನ್ ಪಂಪ್: ಹೊಂದಿಕೊಳ್ಳುವ ಬಗೆ ಹಾಗೂ ವಹಿಸಬೇಕಾದ ಎಚ್ಚರ

ಮಧುಮೇಹವು ಇಂದು ಯಾವ ಮನೆಗೂ ಅಪರಿಚಿತವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10.1 ಕೋಟಿ ಎಂದು ಅಂದಾಜಿಸಿದೆ. ಇವರಲ್ಲಿ ಬಹುಪಾಲು ಜನರು ಎರಡನೆಯ ಬಗೆಯ ಮಧುಮೇಹಿಗಳು. ಪಥ್ಯ, ನಡಿಗೆ, ಮಾತ್ರೆಗಳಿಂದ ಇವರಲ್ಲಿ ಅನೇಕರ ಬದುಕು ಸಾಗುತ್ತದೆ. ಆದರೆ ಮೊದಲನೆಯ ಬಗೆಯಲ್ಲಿ ಮೇದೋಜ್ಜೀರಕ ಗ್ರಂಥಿಯು ಇನ್ಸುಲಿನ್ ತಯಾರಿಸುವುದನ್ನೇ ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿರುತ್ತದೆ. ಇಂಥವರಿಗೆ, ಅದರಲ್ಲೂ ಮಕ್ಕಳಿಗೆ, ಹೊರಗಿನಿಂದ ಇನ್ಸುಲಿನ್ ಪಡೆಯದೆ ಬದುಕಿಲ್ಲ. ದಿನಕ್ಕೆ ನಾಲ್ಕೈದು ಬಾರಿ ಚುಚ್ಚಿಕೊಳ್ಳುವ ಬದಲಿಗೆ ಪಂಪ್ ಅಳವಡಿಸಿಕೊಳ್ಳುವ ಕುಟುಂಬಗಳು ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದಲ್ಲಿಯೂ ಇವೆ. ಅಂಥವರಿಗೆ ಉಪಯುಕ್ತವಾಗಬಹುದಾದ ಕೆಲವು ವಿಚಾರಗಳು ಇಲ್ಲಿವೆ.

ಹಿನ್ನೆಲೆ

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿಯಲಾಯಿತು. 1922ರ ಜನವರಿಯಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬನಿಗೆ ನೀಡಲಾಯಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕಾಡಿಶ್ ರೂಪಿಸಿದ ಪಂಪ್ ಬೆನ್ನಿಗೆ ಹೊರುವ ಚೀಲದಷ್ಟು ದೊಡ್ಡದಾಗಿತ್ತು. ಚರ್ಮದ ಕೆಳಗೆ ನಿರಂತರವಾಗಿ ಇನ್ಸುಲಿನ್ ಹರಿಸುವ ಚಿಕಿತ್ಸೆಯ ಕುರಿತು ಲಂಡನ್ನಿನ ಜಾನ್ ಪಿಕಪ್, ಹ್ಯಾರಿ ಕೀನ್ ಮತ್ತು ಸಂಗಡಿಗರು 1978ರಲ್ಲಿ ಲೇಖನ ಪ್ರಕಟಿಸಿದರು. ಇಂದಿನ ಪಂಪ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು.

ಪಂಪ್ ಮಾಡುವ ಕೆಲಸ

ಪಂಪಿನೊಳಗಿನ ಪುಟ್ಟ ಸಂಗ್ರಹದಲ್ಲಿ ಶೀಘ್ರವಾಗಿ ಕೆಲಸ ಮಾಡುವ ಇನ್ಸುಲಿನ್ ಇರುತ್ತದೆ. ತೆಳುವಾದ ಕೊಳವೆಯ ತುದಿಯಲ್ಲಿರುವ ಕ್ಯಾನುಲಾ ಚರ್ಮದ ಕೆಳಗೆ ಸೇರಿರುತ್ತದೆ. ಹಗಲಿರುಳೂ ಹನಿಹನಿಯಾಗಿ ಹೋಗುವ ಪ್ರಮಾಣಕ್ಕೆ ಬೇಸಲ್ ಎಂದೂ, ಊಟದ ವೇಳೆ ಗುಂಡಿ ಒತ್ತಿ ನೀಡುವ ಪ್ರಮಾಣಕ್ಕೆ ಬೋಲಸ್ ಎಂದೂ ಹೆಸರು. ಹೊಸ ಮಾದರಿಗಳು ಚರ್ಮಕ್ಕೆ ಅಂಟಿಸಿದ ಸೆನ್ಸರಿನಿಂದ ಸಕ್ಕರೆಯ ಮಟ್ಟವನ್ನು ಆಗಾಗ ಪಡೆದು ಬೇಸಲ್ ಪ್ರಮಾಣವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಆದರೆ ತಟ್ಟೆಯಲ್ಲಿ ಏನಿದೆ ಎಂಬುದನ್ನು ಪಂಪಿಗೆ ನಾವೇ ತಿಳಿಸಬೇಕು. ‘ಪಂಪ್ ಹಾಕಿದ ಮೇಲೆ ಚಿಂತೆಯಿಲ್ಲ’ ಎಂಬ ಮಾತನ್ನು ನಂಬಲಾಗದು.

ಠೇವಣಿಯಿಲ್ಲದ ಖಾತೆ

ಪಂಪಿಗೆ ಒಗ್ಗಿಕೊಳ್ಳುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿಯೊಂದಿದೆ. ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ನನ್ನು ದಿನಕ್ಕೊಮ್ಮೆ ಚುಚ್ಚಿಕೊಂಡವರ ದೇಹದಲ್ಲಿ ಒಂದು ಠೇವಣಿ ಇರುತ್ತದೆ. ಒಂದು ಊಟದ ಚುಚ್ಚುಮದ್ದು ತಪ್ಪಿದರೂ ಅದು ಸ್ವಲ್ಪಮಟ್ಟಿಗೆ ಕಾಯುತ್ತದೆ. ಪಂಪಿನವರಿಗೆ ಆ ಠೇವಣಿಯಿಲ್ಲ. ಅವರದು ಆಗಿಂದಾಗ್ಗೆ ಜಮೆಯಾಗಿ ಆಗಿಂದಾಗ್ಗೆ ಖರ್ಚಾಗುವ ಖಾತೆ. ಕೊಳವೆ ಕಟ್ಟಿಕೊಂಡರೆ, ಕ್ಯಾನುಲಾ ಮಡಚಿಕೊಂಡರೆ ಅಥವಾ ಅಂಟುಪಟ್ಟಿ ಕಳಚಿದರೆ ಕೆಲವೇ ಗಂಟೆಗಳಲ್ಲಿ ಸಕ್ಕರೆ ಏರಿ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಸೇರತೊಡಗುತ್ತವೆ. ಕೀಟೋಅಸಿಡೋಸಿಸ್ ಎಂಬ ಈ ಸ್ಥಿತಿಯು ಪ್ರಾಣಾಂತಿಕವಾಗಬಲ್ಲದು. ದೇಹದೊಳಗೆ ಇಲ್ಲದ ಠೇವಣಿಯನ್ನು ಕೈಚೀಲದಲ್ಲಿಯೂ ಮನೆಯಲ್ಲಿಯೂ ಇಟ್ಟುಕೊಳ್ಳಬೇಕೆಂಬುದೇ ಪಂಪ್ ಬದುಕಿನ ಮೊದಲ ನಿಯಮ.

ರಕ್ತದ ಸಕ್ಕರೆ ಕಾರಣವಿಲ್ಲದೆ 250 ಮಿಲಿಗ್ರಾಂ ದಾಟಿ, ತಿದ್ದುಪಡಿಯ ಬೋಲಸ್ ನೀಡಿದ ಮೇಲೂ ಇಳಿಯದಿದ್ದರೆ ಪಂಪನ್ನು ನಂಬಿ ಕಾಯಬಾರದು. ಕೀಟೋನ್ ಪರೀಕ್ಷಿಸಿ, ವೈದ್ಯರು ಬರೆದುಕೊಟ್ಟ ಪ್ರಮಾಣದ ಇನ್ಸುಲಿನ್ನನ್ನು ಪೆನ್ ಅಥವಾ ಸಿರಿಂಜಿನಿಂದ ಪಡೆದು, ಅನಂತರ ಹೊಸ ಸೆಟ್ ಹಾಕಿಕೊಳ್ಳಬೇಕು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಆಸ್ಪತ್ರೆಗೆ ಧಾವಿಸಬೇಕು. ಜ್ವರ ಬಂದು ಊಟ ಸೇರದ ದಿನವೂ ಇನ್ಸುಲಿನ್ ಪೂರ್ತಿಯಾಗಿ ನಿಲ್ಲಿಸತಕ್ಕದ್ದಲ್ಲ.

ಮೊದಲ ವಾರಗಳು

ಮೊದಲ ಕೆಲವು ವಾರ ಮಧ್ಯರಾತ್ರಿಯೂ ಸೇರಿದಂತೆ ಅನೇಕ ಬಾರಿ ಸಕ್ಕರೆ ಪರೀಕ್ಷಿಸಬೇಕಾಗುತ್ತದೆ. ಇದರಿಂದಲೇ ವೈದ್ಯರು ಬೇಸಲ್ ಪ್ರಮಾಣವನ್ನು ಗಂಟೆಗಂಟೆಗೆ ತಕ್ಕಂತೆ ತಿದ್ದುತ್ತಾರೆ. ಸಾಮಾನ್ಯವಾಗಿ ಸೆಟ್ಟನ್ನು 2-3 ದಿನಗಳಿಗೊಮ್ಮೆ ಬದಲಿಸಬೇಕು. ಮಲಗುವ ಮುನ್ನ ಬದಲಿಸುವುದಕ್ಕಿಂತ ಬೆಳಗ್ಗೆ ಬದಲಿಸುವುದು ಮೇಲು. ಎರಡು ಗಂಟೆಗಳ ಬಳಿಕ ಸಕ್ಕರೆ ನೋಡಿ, ಇನ್ಸುಲಿನ್ ಸರಿಯಾಗಿ ಹೋಗುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಬಹುದು. ಹೊಕ್ಕುಳಿನಿಂದ ಎರಡು ಅಂಗುಲ ದೂರವಿರಲಿ. ಪ್ಯಾಂಟಿನ ಬೆಲ್ಟ್ ಅಥವಾ ಲಂಗದ ಲಾಡಿ ಬಿಗಿಯುವ ಜಾಗ ಬೇಡ. ಒಂದೇ ಸ್ಥಳದಲ್ಲಿ ಪದೇ ಪದೇ ಚುಚ್ಚಿದರೆ ಚರ್ಮದಡಿ ಗಂಟುಕಟ್ಟಿ ಇನ್ಸುಲಿನ್ ಸರಿಯಾಗಿ ಹೀರಲ್ಪಡದು. ನಮ್ಮ ಕರಾವಳಿ ಹವೆಯ ಬೆವರಿಗೆ ಅಂಟುಪಟ್ಟಿ ಬೇಗ ಏಳುತ್ತದೆ. ಚರ್ಮವನ್ನು ಪೂರ್ತಿ ಒಣಗಿಸಿ ಅಂಟಿಸುವುದು, ಮೇಲೊಂದು ಹೆಚ್ಚುವರಿ ಪಟ್ಟಿ ಹಚ್ಚುವುದು ಒಳಿತು.

ಊಟದ ಲೆಕ್ಕ

ಬೋಲಸ್ ಪ್ರಮಾಣವು ಊಟದಲ್ಲಿರುವ ಶರ್ಕರಪಿಷ್ಟ, ಅಂದರೆ ಕಾರ್ಬೋಹೈಡ್ರೇಟನ್ನು ಅವಲಂಬಿಸಿದೆ. ನೂರು ಗ್ರಾಂ ಅನ್ನದಲ್ಲಿ ಇದು ಸುಮಾರು 28 ಗ್ರಾಂ ಇರುತ್ತದೆ. 30 ಗ್ರಾಂ ಗೋಧಿ ಹಿಟ್ಟಿನ ಚಪಾತಿಯಲ್ಲಿ ಸುಮಾರು 20 ಗ್ರಾಂ. ರಾಗಿ ಸಕ್ಕರೆ ಏರಿಸುವುದಿಲ್ಲವೆಂಬ ನಂಬಿಕೆ ಸರಿಯಲ್ಲ. 60 ಗ್ರಾಂ ಹಿಟ್ಟಿನ ಮುದ್ದೆಯಲ್ಲಿಯೂ ಸುಮಾರು 40 ಗ್ರಾಂ ಶರ್ಕರಪಿಷ್ಟವಿರುತ್ತದೆ. ಕೆಲವು ವಾರ ಅಡುಗೆಮನೆಯಲ್ಲಿ ತಕ್ಕಡಿ ಇಟ್ಟುಕೊಂಡರೆ ಆಮೇಲೆ ಕಣ್ಣಂದಾಜು ತಾನಾಗಿ ಬರುತ್ತದೆ.

ತುಪ್ಪ ಸುರಿದ ಹೋಳಿಗೆಯಂಥ ಜಿಡ್ಡಿನ ಊಟದಲ್ಲಿ ಸಕ್ಕರೆ ತಡವಾಗಿ ಏರುತ್ತದೆ. ಅನೇಕ ಪಂಪುಗಳಲ್ಲಿ ಬೋಲಸ್ಸಿನ ಒಂದು ಭಾಗವನ್ನು ಕೂಡಲೇ, ಉಳಿದುದನ್ನು ನಿಧಾನವಾಗಿ ನೀಡುವ ಅನುಕೂಲವಿದೆ. ಏಕಾದಶಿ ಆಚರಿಸುವವರು ಬೇಸಲ್ ನಿಲ್ಲಿಸದೆ, ಎಷ್ಟು ಇಳಿಸಬೇಕೆಂಬುದನ್ನು ವೈದ್ಯರಿಂದ ಮೊದಲೇ ಕೇಳಿಕೊಳ್ಳಬೇಕು. ನಮ್ಮ ಮರಾಠಿ ನೆರೆಹೊರೆಯಿಂದ ಬಂದ ಸಾಬಕ್ಕಿ ಖಿಚಡಿಯು ಉಪವಾಸದ ತಿನಿಸೆಂಬ ಹೆಸರು ಪಡೆದಿದ್ದರೂ ಬಹುಪಾಲು ಪಿಷ್ಟವೇ; ಅದಕ್ಕೂ ಬೋಲಸ್ ಬೇಕು.

ರೈಲು, ಮಳೆ ಮತ್ತು ಊರಿನ ಪ್ರಯಾಣ

ಡೊಂಬಿವಲಿಯ ಬೆಳಗಿನ ಲೋಕಲ್ ಹತ್ತುವವರು ಕೊಳವೆಯನ್ನು ಉಡುಪಿನ ಒಳಗೇ ಇಟ್ಟು, ಗುಂಡಿಗಳಿಗೆ ಲಾಕ್ ಹಾಕಿರಬೇಕು. ಸಕ್ಕರೆ 70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್ ಸೇವಿಸಿ, 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸುವುದು ರೂಢಿಯ ಕ್ರಮ. ಆದುದರಿಂದ ಗ್ಲೂಕೋಸ್ ಪುಡಿ ಚೀಲದ ತಳದಲ್ಲಿರದೆ ಜೇಬಿನಲ್ಲಿರಲಿ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಕಚೇರಿಗೆ ಹೋದ ಎಷ್ಟೋ ಮಂದಿ ಮರುದಿನ ಮನೆ ಸೇರಿದರು. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ ಮತ್ತು ವಾಂಗಣಿ ನಡುವೆ ನೆರೆನೀರಿನಲ್ಲಿ ನಿಂತಾಗ ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರನ್ನು ರಕ್ಷಿಸಬೇಕಾಯಿತು. ಕಚೇರಿಯ ಚೀಲದಲ್ಲಿ ಒಂದು ಹೆಚ್ಚುವರಿ ಸೆಟ್, ಇನ್ಸುಲಿನ್ ಪೆನ್, ಪಂಪಿನ ಬ್ಯಾಟರಿ ಅಥವಾ ಚಾರ್ಜರ್, ಗ್ಲೂಕೋಮೀಟರ್, ಬಿಸ್ಕತ್ತು ಇವೆಲ್ಲ ಜಲನಿರೋಧಕ ಕೈಚೀಲದಲ್ಲಿ ಸದಾ ಇರಬೇಕೆನ್ನುವುದು ಇದಕ್ಕಾಗಿಯೇ.

ಥಾಣೆ ಅಥವಾ ಪನ್ವೇಲಿನಿಂದ ಮತ್ಸ್ಯಗಂಧ ಹಿಡಿದು ಊರಿಗೆ ಹೋಗುವವರು ಸೆಟ್ಟುಗಳನ್ನು ಲೆಕ್ಕದ ಎರಡರಷ್ಟು ಒಯ್ಯಲಿ. ಹತ್ತು ದಿನಗಳಿಗೆ ನಾಲ್ಕು ಬೇಕಾದರೆ ಎಂಟಿರಲಿ. ಊರಿನ ಸಣ್ಣ ಔಷಧದಂಗಡಿಯಲ್ಲಿ ಅವು ಸಿಗುತ್ತವೆಂದು ನೆಚ್ಚಿಕೊಳ್ಳುವಂತಿಲ್ಲ. ಎಂ.ಆರ್.ಐ. ಪರೀಕ್ಷೆಯ ಕೋಣೆಗೆ ಹೋಗುವ ಮೊದಲು ಪಂಪನ್ನು ತೆಗೆದಿಡುವುದು ಕಡ್ಡಾಯ.

40 ಮತ್ತು 100ರ ವ್ಯತ್ಯಾಸ

ನಮ್ಮ ದೇಶದಲ್ಲಿ ಎರಡು ಸಾಂದ್ರತೆಯ ಇನ್ಸುಲಿನ್ ಮಾರಾಟದಲ್ಲಿದೆ. ಒಂದರಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100. ಸಾಮಾನ್ಯವಾಗಿ ಪಂಪಿನಲ್ಲಿ ಬಳಸುವುದು 100ರ ಶೀಘ್ರ ಇನ್ಸುಲಿನ್. ಅವಸರದಲ್ಲಿ 40ರ ಬಾಟಲಿ ತಂದು ತುಂಬಿದರೆ ದೇಹಕ್ಕೆ ಸೇರುವುದು ಬೇಕಾದುದರ ಐದನೆಯ ಎರಡು ಭಾಗ ಮಾತ್ರ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಯೂನಿಟ್ ಗೆರೆ ನೋಡಿ ಎಳೆದರೆ ಎರಡೂವರೆ ಪಟ್ಟು ಹೆಚ್ಚಾಗಿ ಹೋಗಿ ಅಪಾಯವಾದೀತು. ಅಂಗಡಿಯ ಕಟ್ಟೆಯಲ್ಲಿಯೇ ಬಾಟಲಿಯ ಮೇಲಿನ ಅಂಕಿಯನ್ನು ಓದಿಕೊಳ್ಳಬೇಕು.

ಶಾಲೆಯ ಮಕ್ಕಳು

ಮೊದಲನೆಯ ಬಗೆಯ ಮಧುಮೇಹವಿರುವ ವಿದ್ಯಾರ್ಥಿಗಳು ಬೋರ್ಡ್ ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ತಿನಿಸು ಒಯ್ಯಲು ಸಿ.ಬಿ.ಎಸ್.ಇ. 2017ರಲ್ಲಿ ಅನುಮತಿಯಿತ್ತಿತು. ತರಗತಿಯಲ್ಲಿ ಇಂಥ ಮಕ್ಕಳಿಗೆ ಬೇಕಾದ ಅನುಕೂಲ ಒದಗಿಸುವ ಕುರಿತು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರಲ್ಲಿ ರಾಜ್ಯಗಳಿಗೆ ಬರೆದಿದೆ. ಪಂಪ್ ಮೊಬೈಲಿನಂತೆಯೇ ಕಾಣುವುದರಿಂದ, ಅದು ಔಷಧೋಪಕರಣವೆಂದು ವೈದ್ಯರಿಂದ ಪತ್ರ ಪಡೆದು ಮುಖ್ಯೋಪಾಧ್ಯಾಯರಿಗೆ ವರ್ಷಾರಂಭದಲ್ಲಿಯೇ ನೀಡುವುದು ಕ್ಷೇಮ.

ಖರ್ಚಿನ ಲೆಕ್ಕ

ಪಂಪಿನ ಬೆಲೆ ಲಕ್ಷಗಳಲ್ಲಿದೆ. ಆದರೆ ಕೊಳ್ಳುವ ದಿನದ ಬೆಲೆಗಿಂತ ಮುಂದಿನ ಖರ್ಚಿನತ್ತ ಹೆಚ್ಚು ಗಮನ ಬೇಕು. ಮೂರು ದಿನಗಳಿಗೊಂದು ಸೆಟ್ ಎಂದರೂ ವರ್ಷಕ್ಕೆ ಸುಮಾರು 120 ಸೆಟ್ಟುಗಳು. ಇದರ ಜೊತೆಗೆ ಇನ್ಸುಲಿನ್, ಸೆನ್ಸರ್, ಪರೀಕ್ಷಾ ಪಟ್ಟಿಗಳು. ಐದು ವರ್ಷಗಳ ಒಟ್ಟು ವೆಚ್ಚವನ್ನು ಕಾಗದದ ಮೇಲೆ ಬರೆದು, ವಾರಂಟಿಯ ಅವಧಿಯನ್ನು ನೋಡಿ, ವಿಮಾ ಕಂಪೆನಿಯಿಂದ ಲಿಖಿತ ಉತ್ತರ ಪಡೆದ ಬಳಿಕವೇ ತೀರ್ಮಾನಿಸುವುದು ಜಾಣತನ. ಸೆಟ್ಟಿಗೆ ಹಣ ಸಾಲದೆ ಮೂರು ದಿನಗಳದ್ದನ್ನು ಆರು ದಿನ ಬಳಸುವುದಕ್ಕಿಂತ ಪೆನ್ನಿನಿಂದ ಶಿಸ್ತಾಗಿ ಚುಚ್ಚಿಕೊಳ್ಳುವುದು ಎಷ್ಟೋ ಮೇಲು. ಪಂಪ್ ಇಲ್ಲದಿರುವುದು ಯಾವ ಕೊರತೆಯೂ ಅಲ್ಲ.

ಮನೆಮಂದಿಯ ಪಾತ್ರ

ಪಂಪಿನ ಈಗಿನ ಬೇಸಲ್, ಬೋಲಸ್ ಅಂಕಿಗಳನ್ನು ಕಾಗದದಲ್ಲಿ ಬರೆದಿಡಬೇಕು. ಯಂತ್ರ ಕೆಟ್ಟರೆ ಆ ಅಂಕಿಗಳೂ ಕೈಗೆ ಸಿಗವು. ಪಂಪ್ ನಿಂತಾಗ ಬಳಸಬೇಕಾದ ದೀರ್ಘಾವಧಿ ಇನ್ಸುಲಿನ್ ಮತ್ತು ಅದರ ಪ್ರಮಾಣದ ಚೀಟಿ ಫ್ರಿಜ್ಜಿನಲ್ಲಿರಲಿ. ಪಂಪನ್ನು ತಡೆಹಿಡಿಯುವುದು ಹೇಗೆಂದು ಮನೆಯಲ್ಲಿ ಕನಿಷ್ಠ ಇಬ್ಬರಾದರೂ ಅರಿತಿರಬೇಕು. ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ, ಪಂಪ್ ತಡೆಹಿಡಿದು 108ಕ್ಕೆ ಕರೆ ಮಾಡಬೇಕು.

ಮದುವೆ, ಮುಂಜಿ, ಸಂಘದ ಸಮಾರಂಭಗಳಲ್ಲಿ ಯಾರ ಸೊಂಟದಲ್ಲಾದರೂ ಈ ಪುಟ್ಟ ಯಂತ್ರ ಕಂಡರೆ ‘ಅಯ್ಯೋ ಪಾಪ’ ಎನ್ನುವುದಾಗಲಿ, ‘ಒಂದೇ ಒಂದು ಲಾಡು’ ಎಂದು ಒತ್ತಾಯಿಸುವುದಾಗಲಿ ಬೇಡ. ಬಡಿಸುವವರು ಪದಾರ್ಥದಲ್ಲಿ ಏನೇನಿದೆಯೆಂದು ತಿಳಿಸಿ, ಅವರು ಲೆಕ್ಕ ಹಾಕಿ ಗುಂಡಿ ಒತ್ತುವವರೆಗೆ ಕಾದರೆ ಸಾಕು. ನಮ್ಮ ಪಂಕ್ತಿಯಲ್ಲಿ ಅವರೂ ನಿಶ್ಚಿಂತೆಯಿಂದ ಕುಳಿತು ಉಣ್ಣುವಂತಾಗಲಿ.