ಕತ್ತಲನ್ನು ಗೆದ್ದ ಅಂಚೆ ಹಡಗು

ನಾರ್ವೆಯ ಬರ್ಗೆನ್ ಬಂದರಿನಿಂದ ಹೊರಡುವ ಹಡಗು ರಷ್ಯಾದ ಗಡಿಯ ಬಳಿಯಿರುವ ಕಿರ್ಕೆನೆಸ್ ಮುಟ್ಟಿ ಮರಳಲು ಸುಮಾರು ಹನ್ನೆರಡು ದಿನ ಬೇಕು. ದಾರಿಯಲ್ಲಿ ಸಿಗುವ ಬಂದರುಗಳು 34. ಇಕ್ಕೆಲಗಳಲ್ಲಿ ಕಡಿದಾದ ಬೆಟ್ಟಗಳು, ನಡುವೆ ನಿಶ್ಚಲವಾದ ನೀರು, ದಡದಲ್ಲಿ ಬಣ್ಣ ಬಳಿದ ಮರದ ಮನೆಗಳು. ಬೇಸಿಗೆಯಲ್ಲಿ ನಡುರಾತ್ರಿಯ ಸೂರ್ಯ, ಚಳಿಗಾಲದಲ್ಲಿ ಬಾನಿನಲ್ಲಿ ಆಡುವ ಧ್ರುವಪ್ರಭೆ. ಇದನ್ನು ಕಾಣಲು ದೇಶವಿದೇಶಗಳ ಪ್ರವಾಸಿಗರು ಬರುತ್ತಾರೆ. ಆದರೆ ಈ ಮಾರ್ಗ ಹುಟ್ಟಿದ್ದು ಪ್ರವಾಸಿಗರಿಗಾಗಿ ಅಲ್ಲ, ಕಾಗದಪತ್ರಗಳಿಗಾಗಿ.

ಹಿಮಯುಗದಲ್ಲಿ ಹಿಮನದಿಗಳು ಬಂಡೆಯನ್ನು ಕೊರೆದು ಆಳವಾದ ಕಣಿವೆಗಳನ್ನು ಮಾಡಿದವು. ಹಿಮ ಕರಗಿದಾಗ ಅಲ್ಲಿಗೆ ಕಡಲು ನುಗ್ಗಿತು. ಇವೇ ಫಿಯೋರ್ಡ್‌ಗಳು. ಅತಿ ಉದ್ದನೆಯ ಸೋಗ್ನೆಫಿಯೋರ್ಡ್ 200 ಕಿ.ಮೀ.ಗೂ ಹೆಚ್ಚು ದೂರ ಒಳನಾಡಿಗೆ ಚಾಚಿದೆ. ಅದರ ಆಳ 1,300 ಮೀಟರಿಗೂ ಅಧಿಕ. ನೋಡುವವರಿಗೆ ಸೊಬಗು, ರಸ್ತೆ ಹಾಕುವವರಿಗೆ ಸಂಕಟ. ಹೀಗಾಗಿ ಕರಾವಳಿಯ ಜನಕ್ಕೆ ಕಡಲೇ ಹೆದ್ದಾರಿಯಾಯಿತು. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದಿಂದಾಗಿ ಇಲ್ಲಿನ ಬಂದರುಗಳು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ.

ಆದರೂ 19ನೇ ಶತಮಾನದ ಕೊನೆಯಲ್ಲಿ ಟ್ರೋಂಡ್‌ಹೈಮ್‌ನಿಂದ ಉತ್ತರದ ಹ್ಯಾಮರ್‌ಫೆಸ್ಟ್‌ಗೆ ಬರೆದ ಪತ್ರ ತಲುಪಲು ಬೇಸಿಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ಐದು ತಿಂಗಳವರೆಗೂ ಹಿಡಿಯುತ್ತಿತ್ತು. ಕಾರಣ ಮಂಜುಗಡ್ಡೆಯಲ್ಲ, ಕತ್ತಲು. ವಾರಗಟ್ಟಲೆ ಸೂರ್ಯನೇ ಮೂಡದ ಆ ಕಾಲದಲ್ಲಿ ಬಂಡೆಗಳ ನಡುವೆ ಹಡಗು ನಡೆಸುವ ಧೈರ್ಯ ಯಾರಿಗಿತ್ತು? ಟ್ರೋಂಡ್‌ಹೈಮ್‌ನಿಂದಾಚೆ ಇದ್ದದ್ದು 28 ದೀಪಸ್ತಂಭಗಳು, ಎರಡೇ ಎರಡು ಕಡಲ ನಕ್ಷೆಗಳು. 1891ರಲ್ಲಿ ವರ್ಷವಿಡೀ ಓಡುವ ವೇಗದ ಹಡಗು ಸೇವೆಯ ಪ್ರಸ್ತಾಪ ಬಂದಾಗ ದೊಡ್ಡ ಕಂಪನಿಗಳು ಹಿಂಜರಿದವು.

ಮುಂದೆ ಬಂದವನು ರಿಚರ್ಡ್ ವಿಥ್ ಎಂಬ ಕಪ್ತಾನ. ಅವನೂ ದಾರಿ ಬಲ್ಲ ಆಂಡರ್ಸ್ ಹೋಲ್ಟೆಯೂ ತಮ್ಮ ಯಾನಗಳಲ್ಲಿ ದಿಕ್ಕು, ವೇಗ, ಸಮಯಗಳನ್ನು ಬರೆದಿಟ್ಟುಕೊಂಡಿದ್ದರು. ಈ ದಿಕ್ಕಿನಲ್ಲಿ, ಈ ವೇಗದಲ್ಲಿ, ಇಷ್ಟು ನಿಮಿಷ, ಅನಂತರ ತಿರುವು. ಕಣ್ಣಿಗೆ ಕಾಣದ್ದನ್ನು ದಿಕ್ಸೂಚಿ ಮತ್ತು ಗಡಿಯಾರ ಕಾಣಿಸಿದವು. 1893ರ ಜುಲೈ 2ರಂದು ಟ್ರೋಂಡ್‌ಹೈಮ್ ಬಿಟ್ಟ 'ವೆಸ್ಟೆರೋಲೆನ್' ಉಗಿಹಡಗು ಜುಲೈ 5ರಂದು ಹ್ಯಾಮರ್‌ಫೆಸ್ಟ್ ತಲುಪಿತು. ಸೇವೆಗೆ 'ಹುರ್ಟಿಗ್ರೂಟೆನ್', ಅಂದರೆ ವೇಗದ ಮಾರ್ಗ, ಎಂಬ ಹೆಸರು ನಿಂತಿತು. 1898ರಲ್ಲಿ ಅದು ದಕ್ಷಿಣಕ್ಕೆ ಬರ್ಗೆನ್‌ವರೆಗೂ ವಿಸ್ತರಿಸಿತು. ಪತ್ರ, ಮೀನು, ರೋಗಿ, ನೆಂಟರು ಎಲ್ಲರಿಗೂ ಒಂದೇ ಹಡಗು.

ಈ ಅನಿವಾರ್ಯತೆಯ ಬೆಲೆ ತಿಳಿದದ್ದು ಎರಡನೇ ಮಹಾಯುದ್ಧದಲ್ಲಿ. ಜರ್ಮನರು ನಾರ್ವೆಯನ್ನು ಆಕ್ರಮಿಸಿದ ಮೇಲೂ ಹಡಗುಗಳು ಓಡಲೇಬೇಕಿತ್ತು, ಹಲವು ಮುಳುಗಿದವು. 1943ರ ಸೆಪ್ಟೆಂಬರ್ 30ರಂದು 'ಸಾಂಕ್ಟ್ ಸ್ವಿಥುನ್' ಹಡಗಿನ ಮೇಲೆ ಬಾಂಬು ಹಾಕಿದ್ದು ಮಿತ್ರರಾಷ್ಟ್ರಗಳ ವಿಮಾನಗಳೇ. ಉರಿಯುತ್ತಿದ್ದ ಹಡಗಿನ ಜನರಲ್ಲಿ ಹಲವರನ್ನು ಹತ್ತಿರದ ದ್ವೀಪದವರು ದೋಣಿಗಳಲ್ಲಿ ಹೋಗಿ ಉಳಿಸಿದರು.

ಮುಂದೆ ರಸ್ತೆ, ಸೇತುವೆ, ವಿಮಾನಗಳು ಬಂದವು. ಅಂಚೆ ಹಡಗಿನಿಂದ ಇಳಿಯಿತು, ಪ್ರವಾಸಿ ಹತ್ತಿದ. 2021ರಿಂದ ಎರಡು ಕಂಪನಿಗಳು ಈ ಮಾರ್ಗವನ್ನು ಹಂಚಿಕೊಂಡಿವೆ. ಸರ್ಕಾರ ಮಾತ್ರ ಇಂದಿಗೂ ಇದಕ್ಕೆ ಹಣ ಕೊಡುತ್ತದೆ, ಏಕೆಂದರೆ ಸಣ್ಣ ಊರುಗಳಿಗೂ ಹಡಗು ಬರಬೇಕು. ಪ್ರವಾಸಿಗರು ಮಲಗಿರುವ ಅಪರಾತ್ರಿಯಲ್ಲೂ ಅದು ಯಾವುದೋ ಪುಟ್ಟ ಬಂದರಿನಲ್ಲಿ ಕೆಲವೇ ನಿಮಿಷ ನಿಲ್ಲುತ್ತದೆ. ವಿಥ್ ಬಯಸಿದ್ದು ಅದನ್ನೇ.